ಸೀಲಪ್ಪನವರು ಗಾಡಿಯಡಿ ನುಸುಳಿದ್ದು

ಕಟ್ಟಡ ಪರವಾನಗಿ ಕಚೇರಿಯಲ್ಲಿ ಇಪ್ಪತ್ತಮೂರು ವರ್ಷದಿಂದ ಒಂದೇ ಮೇಜಿಗೆ ಕೂತು, ಬಂದ ಕಡತಗಳ ಮೇಲೆಲ್ಲ ‘ಪರಿಶೀಲಿಸಲಾಗಿದೆ’ ಎಂದು ಮೊಹರು ಒತ್ತುತ್ತ ಬಂದ ಮನುಷ್ಯನನ್ನು ಬೀದಿಯವರು ಸೀಲಪ್ಪನವರು ಎಂದು ಕರೆದರೆ ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ಇದ್ದದ್ದು ಬೇರೆ ಕಡೆ. ಅಷ್ಟು ವರ್ಷ ಆ ಒಂದು ಪದವನ್ನೇ ಒತ್ತಿ ಒತ್ತಿ, ಪರಿಶೀಲಿಸುವ ಕೆಲಸವೂ ತಮಗೆ ಬರುತ್ತದೆ ಎಂದು ಅವರು ನಂಬಿಬಿಟ್ಟಿದ್ದರು. ಅವರು ಮೊಹರು ಒತ್ತಿದ ಕಟ್ಟಡಗಳಲ್ಲಿ ಒಂದನ್ನೂ ಅವರು ಕಣ್ಣಾರೆ ನೋಡಿದವರಲ್ಲ. ಕಟ್ಟಡಗಳು ಮಾತ್ರ ದೊಡ್ಡ ಮನಸ್ಸು ಮಾಡಿ ಇಲ್ಲಿಯವರೆಗೆ ನಿಂತಿದ್ದವು.

ಎಂಟು ತಿಂಗಳ ಹಿಂದೆ ಹೆಂಡತಿಯ ತಮ್ಮನ ಹಳೆಯ ಎಸ್‌ಯುವಿ ಅವರ ಮನೆಗೆ ಬಂದಿತ್ತು. ಎತ್ತರದ, ಬೂದು ಬಣ್ಣದ, ಒಳಗೆ ನಿಲ್ಲಿಸಿದರೆ ಗೇಟು ಪೂರ್ತಿ ಮುಚ್ಚಲು ಬಾರದಷ್ಟು ಉದ್ದದ ಗಾಡಿ. ಬಂದಾಗ ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದದ್ದು, ಎರಡು ತಿಂಗಳಿಂದೀಚೆಗೆ ಹೊರಡುವಾಗ ‘ಟಕ್’ ಎನ್ನತೊಡಗಿತ್ತು, ನಿಧಾನವಾದಾಗ ಹೊಟ್ಟೆಯೊಳಗೆ ಗಡಗಡ ಎನ್ನತೊಡಗಿತ್ತು. ಸೋಮವಾರ ಅತ್ತೆಯವರನ್ನು ಅದರಲ್ಲಿ ಕೂರಿಸಿಕೊಂಡು, ಬೆಟ್ಟ ಹತ್ತಿ ಇಳಿದು, ಆಚೆಯ ಊರಿನ ಕಣ್ಣಾಸ್ಪತ್ರೆಗೆ ಹೋಗಬೇಕಿತ್ತು. ಮೆಕ್ಯಾನಿಕ್ಕು ಬುಧವಾರಕ್ಕಿಂತ ಮುಂಚೆ ಆಗುವುದಿಲ್ಲ ಎಂದಿದ್ದ.

ಶನಿವಾರ ಸಂಜೆ ಗೇಟಿನ ಹತ್ತಿರ ಪಕ್ಕದ ಮನೆಯವರು ಸಿಕ್ಕಿದರು. ಅವರು ನಿವೃತ್ತ ಜೈಲರು. ನಿವೃತ್ತರಾದ ಮೇಲೂ ಯಾರನ್ನು ಕಂಡರೂ ಇವನನ್ನು ಯಾವ ಕೋಣೆಗೆ ಹಾಕಬಹುದು ಎಂದು ಅಳೆಯುವ ಕಣ್ಣು.

“ನಿಮ್ಮ ಗಾಡಿ ಬರೋದು ಬೀದಿ ಕೊನೆಯಿಂದ್ಲೇ ಗೊತ್ತಾಗುತ್ತೆ,” ಎಂದರು. “ಬೇಡಿ ಹಾಕಿದವನು ನಡ್ಕೊಂಡು ಬಂದ ಹಾಗೆ ಸದ್ದು.”

“ಗೊತ್ತಿದೆ. ಡ್ರೈವ್‌ಟ್ರೇನ್,” ಎಂದರು ಸೀಲಪ್ಪನವರು. ಆ ಪದ ಅವರಿಗೆ ಮಧ್ಯಾಹ್ನವಷ್ಟೇ ಫೋನಿನಲ್ಲಿ ಒಂದು ವಿಡಿಯೊ ನೋಡಿ ಪರಿಚಯವಾಗಿತ್ತು.

“ಟ್ರೇನಾ?”

“ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗೋ ದಾರಿ. ಗೇರ್‌ಬಾಕ್ಸು, ಶಾಫ್ಟು, ಹಿಂದುಗಡೆ ಗುಂಡಗಿರೋ ಹೌಸಿಂಗು. ನಾಳೆ ಬೆಳಿಗ್ಗೆ ನಾನೇ ಪರಿಶೀಲನೆ ಮಾಡ್ತೀನಿ.”

ಜೈಲರು ಅವರ ಹೊಟ್ಟೆಯನ್ನೊಮ್ಮೆ, ಗಾಡಿಯ ಕೆಳಗಿನ ಸಂದನ್ನೊಮ್ಮೆ ನೋಡಿ, “ಆಗಲಿ, ನಾನೂ ಇರ್ತೀನಿ,” ಎಂದರು. ಹೀಗೆ ಒಬ್ಬರು ಸಾಕ್ಷಿಯಾದ ಮೇಲೆ ಹಿಂದೆ ಸರಿಯುವ ದಾರಿ ಇರಲಿಲ್ಲ.

ಭಾನುವಾರ ತಿಂಡಿ ಮುಗಿಸಿ, ಫ್ರಿಜ್ಜು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ನೆಲಕ್ಕೆ ಹಾಸಿ, ನಾಲ್ಕು ಚಕ್ರಕ್ಕೂ ಇಟ್ಟಿಗೆ ಕೊಟ್ಟು, ಟಾರ್ಚು ಹಿಡಿದು ಸೀಲಪ್ಪನವರು ಅಂಗಾತ ಮಲಗಿ ಒಳಗೆ ತೆವಳಿದರು. ಮೊದಲು ತಲೆ ಹೋಯಿತು, ಆಮೇಲೆ ಎದೆ ಹೋಯಿತು, ಹೊಟ್ಟೆ ಸ್ವಲ್ಪ ಹೊತ್ತು ವಿಚಾರ ಮಾಡಿ ಹೋಯಿತು. ಹೊರಗೆ ಉಳಿದದ್ದು ಎರಡು ಕಾಲು ಮತ್ತು ಜೈಲರು.

“ಏನು ಕಾಣ್ತಿದೆ?” ಎಂದರು ಜೈಲರು.

“ಎಲ್ಲಾ ಕಾಣ್ತಿದೆ,” ಎಂದು ಒಳಗಿನಿಂದ ದನಿ ಬಂತು. ವಿಡಿಯೊದಲ್ಲಿ ಎಲ್ಲ ಭಾಗಗಳಿಗೂ ಹಳದಿ ಬಾಣದ ಗುರುತಿತ್ತು. ಇಲ್ಲಿ ಬಾಣವಿರಲಿಲ್ಲ, ಕೆಸರಿತ್ತು. ಉದ್ದನೆಯ ಕೊಳವೆಯಂಥದ್ದು ಶಾಫ್ಟು ಇರಬೇಕೆಂದು ಅಂದಾಜು ಮಾಡಿ ಅದರ ಮೇಲೆ ಟಾರ್ಚು ಹಾಯಿಸುತ್ತ ಹೋದರು. ನಡುವೆ ಒಂದು ಕಡೆ ಏನೋ ಜೋತಾಡುತ್ತಿತ್ತು. ನೋಡಲೆಂದು ತಲೆ ಎತ್ತುವಷ್ಟರಲ್ಲಿ ಹಣೆಯ ಮೇಲೆ ತೊಟ್ಟು ಬಿತ್ತು. ಒರೆಸಿಕೊಂಡು ಬೆರಳಿಗೆ ಬೆಳಕು ಹಿಡಿದರು.

ಕೆಂಪು.

ಎಂಜಿನ್ನಿನ ಎಣ್ಣೆ ಕಪ್ಪಗಿರುತ್ತದೆ ಎಂಬುದು ಅವರಿಗೆ ಗೊತ್ತಿದ್ದ ಏಕೈಕ ಯಂತ್ರವಿಜ್ಞಾನ. ಕೈ ಚಾಚಿ ಜೋತಾಡುತ್ತಿದ್ದುದನ್ನು ಎಳೆದರು. ಅದು ಶಾಫ್ಟಿನ ನಡುವೆ ಬಿಗಿಯಾಗಿ ಸುತ್ತಿಕೊಂಡಿತ್ತು. ಎಳೆದಷ್ಟು ಹರಿದು ಕೈಗೆ ಬಂತು. ಅಂಗೈ ಅಗಲದ ಬಟ್ಟೆ. ಒಂದು ಕಡೆ ಹೊಲಿದ ಅಂಚು, ಉಳಿದದ್ದೆಲ್ಲ ಗ್ರೀಸು, ಧೂಳು ಮತ್ತು ಆ ಕೆಂಪು.

ಸೀಲಪ್ಪನವರು ಒಳಗೆ ಹೋಗುವಾಗ ತೆಗೆದುಕೊಂಡ ಸಮಯದ ಕಾಲುಭಾಗದಲ್ಲಿ ಹೊರಗೆ ಬಂದರು. ಹಣೆಯ ಮೇಲೆ ಕೆಂಪು, ಬನಿಯನ್ನಿನ ಮೇಲೆ ಕೆಂಪು, ಕೈಯಲ್ಲಿ ಬಟ್ಟೆ. ಕಾಫಿ ತಂದ ಹೆಂಡತಿ ಲೋಟವನ್ನು ಬಾನೆಟ್ಟಿನ ಮೇಲಿಟ್ಟು, “ರೀ, ತಲೆ ಒಡ್ಕೊಂಡ್ರಾ?” ಎಂದರು.

“ಇದು ನನ್ನ ರಕ್ತ ಅಲ್ಲ,” ಎಂದರು ಸೀಲಪ್ಪನವರು.

ಈ ಮಾತನ್ನು ಸ್ವಲ್ಪ ಮೆಲ್ಲಗೆ ಹೇಳಬಹುದಿತ್ತು. ಎದುರಿನ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಟೀಚರಮ್ಮನ ಕೈ ಹಗ್ಗದ ಮೇಲೆಯೇ ನಿಂತುಬಿಟ್ಟಿತು.

ಜೈಲರು ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. “ಮನುಷ್ಯರ ಬಟ್ಟೆ,” ಎಂದರು. ಬೇರೆ ಯಾರ ಬಟ್ಟೆ ಇರಲು ಸಾಧ್ಯ ಎಂದು ಯಾರೂ ಕೇಳಲಿಲ್ಲ. “ಯಾರನ್ನೋ ಎಳ್ಕೊಂಡು ಹೋಗಿದೆ ಈ ಗಾಡಿ. ಮೊದಲು ಯಾರ ಹತ್ರ ಇತ್ತು?”

“ನನ್ನ ಭಾವಮೈದುನನ ಹತ್ರ,” ಎಂದು ಸೀಲಪ್ಪನವರು ಆಗಲೇ ಫೋನು ಒತ್ತಿದ್ದರು. ಹೆಂಡತಿ, “ರೀ, ಸ್ವಲ್ಪ ತಡೀರಿ,” ಎನ್ನುತ್ತಿದ್ದರು. ಜೈಲರು ಸ್ಪೀಕರು ಹಾಕಿಸಿದರು.

“ಏನಪ್ಪಾ, ಈ ಗಾಡಿ ಕೆಳಗೆ ಏನಿದೆ?”

ಆಚೆ ಕಡೆ ಸ್ವಲ್ಪ ಹೊತ್ತು ಉಸಿರಾಟ. “ಕೆಳಗಾ, ಭಾವ? ಕೆಳಗೆ ಯಾಕೆ ಹೋದ್ರಿ?”

“ಬಟ್ಟೆ ಸಿಕ್ಕಿದೆ.”

ಇನ್ನಷ್ಟು ಉಸಿರಾಟ. “ಭಾವ, ಅಕ್ಕಂಗೆ ಹೇಳ್ಬೇಡಿ.”

ಅಕ್ಕ ಪಕ್ಕದಲ್ಲೇ ನಿಂತಿದ್ದರು. ಅವರ ಮುಖದ ಬಣ್ಣ ಇಳಿಯಿತು.

“ಅಂದ್ರೆ ನಿನಗೆ ಗೊತ್ತಿತ್ತು.”

“ನಾನೇ ಮಾಡಿದ್ದು ಭಾವ. ಗೊತ್ತಿಲ್ದೆ ಏನು. ಬೇರೆ ದಾರಿ ಇರ್ಲಿಲ್ಲ. ಕೆಳಗೆ ಬಗ್ಗಿ ಯಾರು ನೋಡ್ತಾರೆ ಅಂದ್ಕೊಂಡೆ.”

“ಜೀವ ಇತ್ತಾ?” ಎಂದರು ಸೀಲಪ್ಪನವರು.

“ಜೀವ ಎಲ್ಲಿ ಬಂತು ಭಾವ, ಆಗ್ಲೇ ಪೂರ್ತಿ ಹೋಗಿತ್ತು. ಜೀವ ಇದ್ದಿದ್ರೆ ನಾನ್ಯಾಕೆ ಬಟ್ಟೆ ಸುತ್ತಿ ಬಿಡ್ತಿದ್ದೆ? ನೀವು ಅದಕ್ಕೆ ಕೈ ಹಾಕ್ಬೇಡಿ. ನಾನು ಈಗ್ಲೇ ಹೊರಟು ಬರ್ತೀನಿ.” ಫೋನು ನಿಂತಿತು.

ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಅತ್ತೆಯವರು ಪೊರೆ ಬಂದ ಕಣ್ಣನ್ನು ಈ ಕಡೆ ತಿರುಗಿಸಿದರು. ಕಣ್ಣು ಹೋದಷ್ಟೂ ಕಿವಿ ಚುರುಕಾಗಿತ್ತು. “ಯಾರ ಜೀವ ಹೋಯ್ತು, ಅಳಿಯಂದ್ರೇ?”

“ಯಾರದ್ದೂ ಇಲ್ಲ ಅತ್ತೆ.”

“ಯಾರದ್ದೂ ಇಲ್ಲ ಅನ್ನೋದಕ್ಕೆ ಇಷ್ಟು ಜನ ಯಾಕೆ ಸೇರಿದಾರೆ?”

ನಿಜವಾಗಿಯೂ ಜನ ಸೇರಿದ್ದರು. ಟೀಚರಮ್ಮ ಒದ್ದೆ ಬಟ್ಟೆ ಹೆಗಲ ಮೇಲೆ ಹಾಕಿಕೊಂಡೇ ಇಳಿದು ಬಂದಿದ್ದರು. ಇಸ್ತ್ರಿಯವನು ಬಂದಿದ್ದ. ಮೂಲೆ ಮನೆಯ ವಿಮಾ ಏಜೆಂಟು ಬಂದಿದ್ದ. ಸಾವಿನ ಸುದ್ದಿ ಇದ್ದಲ್ಲಿ ಅವನಿಗೆ ಯಾರೂ ಹೇಳಿಕಳಿಸಬೇಕಾಗಿರಲಿಲ್ಲ.

“ಪಕ್ಕದ ಗಲ್ಲಿ ಟೈಲರ್,” ಎಂದರು ಟೀಚರಮ್ಮ ಇದ್ದಕ್ಕಿದ್ದಂತೆ. “ನೀರಿನ ಟ್ಯಾಂಕಿನ ತಿರುವಲ್ಲಿ ದೊಡ್ಡ ಗಾಡಿಯೊಂದು ಹೊಡ್ಕೊಂಡು ಹೋಯ್ತಲ್ಲ. ನಿಲ್ಲಿಸ್ಲೇ ಇಲ್ವಂತೆ. ಇವತ್ತಿಗೂ ಯಾರು ಅಂತ ಗೊತ್ತಿಲ್ಲ.”

ಎಲ್ಲರೂ ಬಟ್ಟೆಯ ಕಡೆ ನೋಡಿದರು. ಸೀಲಪ್ಪನವರು ಭಾವಮೈದುನನಿಗೆ ಎಷ್ಟು ವರ್ಷ ಶಿಕ್ಷೆಯಾಗಬಹುದು ಎಂದು ಕೇಳಲು ಜೈಲರ ಕಡೆ ತಿರುಗಿದರು. ಜೈಲರು ಆಗಲೇ ಬೆರಳು ಮಡಚಿ ಎಣಿಸುತ್ತಿದ್ದರು.

“ಟೈಲರಿಗೆ ಏಟಾಗಿ ಎಷ್ಟು ದಿನ ಆಯ್ತು?”

“ಆರು ವಾರ,” ಎಂದರು ನಾಲ್ಕಾರು ಜನ.

“ಗಾಡಿ ನಿಮ್ಮ ಮನೆಗೆ ಬಂದು?”

“ಎಂಟು ತಿಂಗಳು,” ಎಂದರು ಸೀಲಪ್ಪನವರು. ಹೇಳಿದ ಮೇಲೆ ಬಾಯಿ ಮುಚ್ಚಿದರು. ಆದರೆ ಮಾತು ಹೊರಗೆ ಬಿದ್ದಾಗಿತ್ತು.

“ಹಾಗಾದ್ರೆ ನಿಮ್ಮ ಭಾವಮೈದುನನದು ಬೇರೆ ಕೇಸು,” ಎಂದರು ಜೈಲರು. “ಇದು ನಿಮ್ಮದು. ರಕ್ತ ನೋಡಿ, ಇನ್ನೂ ಹಸಿ ಇದೆ. ಎಂಟು ತಿಂಗಳ ರಕ್ತ ಹಸಿಯಾಗಿರುತ್ತಾ?”

ಆರು ವಾರದ ರಕ್ತವೂ ಹಸಿಯಾಗಿರುವುದಿಲ್ಲ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಗುಂಪಿಗೆ ಒಂದು ಸಲಕ್ಕೆ ಒಂದೇ ಹೊಳೆಯುವುದು.

ಅಲ್ಲಿಂದ ಮುಂದೆ ನೆನಪುಗಳು ತಾವಾಗಿ ಬರತೊಡಗಿದವು. ಟೀಚರಮ್ಮನಿಗೆ ಒಂದು ದಿನ ಬೆಳಿಗ್ಗೆ ಸೀಲಪ್ಪನವರು ಪೈಪು ಹಿಡಿದು ಗಾಡಿಯ ಕೆಳಭಾಗವನ್ನೇ ತೊಳೆಯುತ್ತಿದ್ದದ್ದು ನೆನಪಾಯಿತು. ಇಸ್ತ್ರಿಯವನಿಗೆ ಆ ವಾರ ಅವರು ಕೊಟ್ಟ ಅಂಗಿಯ ತೋಳಿನಲ್ಲಿ ಏನೋ ಕಲೆ ಇದ್ದದ್ದು ನೆನಪಾಯಿತು. ವಿಮೆಯವನಿಗೆ ಏನೂ ನೆನಪಾಗಲಿಲ್ಲ. ಆದರೂ ಅವನು ತಲೆ ಆಡಿಸಿ, “ಮೂರನೇ ವ್ಯಕ್ತಿಗೆ ಆದ ಹಾನಿ,” ಎಂದ. ಕಡೆಗೆ ಸ್ವತಃ ಹೆಂಡತಿ, “ರೀ, ಒಂದಿನ ಸಂಜೆ ಬಂದು ಊಟ ಬೇಡ ಅಂದ್ರಲ್ಲ. ಟ್ಯಾಂಕಿನ ಹತ್ರ ಗಾಡಿ ಎತ್ತಿ ಹಾಕ್ತು ಅಂದ್ರಿ,” ಎಂದು ಮೆಲ್ಲಗೆ ಹೇಳಿದರು. ಹೇಳಬಾರದಿತ್ತು ಎಂದು ಹೇಳಿದ ಮೇಲೆ ಗೊತ್ತಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಗಾಡಿ ಎತ್ತಿ ಹಾಕಿದ್ದು ನಿಜ. ‘ದಡ್’ ಎಂದಿತ್ತು. ಸೀಲಪ್ಪನವರು ಡ್ರೈವ್‌ಟ್ರೇನ್ ಎಂಬ ಪದವೇ ಗೊತ್ತಿಲ್ಲದ ಆ ದಿನಗಳಲ್ಲಿ ಅದನ್ನು ರಸ್ತೆಯ ಉಬ್ಬು ಎಂದುಕೊಂಡು ಮುಂದೆ ಬಂದಿದ್ದರು. ಹಿಂದೆ ತಿರುಗಿ ನೋಡಿರಲಿಲ್ಲ. ಈಗ ಅವರು ಬಾನೆಟ್ಟಿನ ಮೇಲಿದ್ದ ಆರಿದ ಕಾಫಿಯನ್ನು ಎತ್ತಿ, ಕುಡಿಯದೆ, ಮತ್ತೆ ಅಲ್ಲೇ ಇಟ್ಟರು.

ಪೇದೆ ಬರುವಷ್ಟರಲ್ಲಿ ಹನ್ನೊಂದಾಗಿತ್ತು. ಕರೆಸಿದ್ದು ಜೈಲರು. ಭಾನುವಾರ ಎಬ್ಬಿಸಿ ಕಳಿಸಿದ ಕೋಪವನ್ನು ಪೇದೆ ಮುಖದ ಮೇಲೆ ಹಾಗೇ ಇಟ್ಟುಕೊಂಡು ಬಂದಿದ್ದ. ಗಾಡಿಯ ಕೆಳಗೆ ಬಗ್ಗಿ ನೋಡಿದ, ಎದ್ದು ಮೊಣಕಾಲು ಒರೆಸಿಕೊಂಡ, ಚೀಲದಿಂದ ಎರಡು ಹಾಳೆ ತೆಗೆದ.

“ಒಂದು ದೂರು ಕೊಡೋರಿಗೆ. ಇನ್ನೊಂದು ತಪ್ಪೊಪ್ಪಿಗೆಗೆ. ಯಾವುದು ತುಂಬ್ತೀರಿ?”

ಸೀಲಪ್ಪನವರು ಎರಡನೆಯದನ್ನು ತೆಗೆದುಕೊಂಡು ಮೇಲಿಂದ ಕೆಳಗೆ ಓದಿದರು. “ಇದು ಹಳೇ ನಮೂನೆ,” ಎಂದರು. “ಹೊಸದರಲ್ಲಿ ತಂದೆ ಹೆಸರಿನ ಕಾಲಂ ಮೇಲೆ ಬರುತ್ತೆ.”

ಪೇದೆ ಹೊಸದಾಗಿ ಅವರ ಮುಖ ನೋಡಿದ. “ಇಪ್ಪತ್ತು ವರ್ಷದಲ್ಲಿ ನಮೂನೆ ಓದಿದ ಮೊದಲ್ನೇ ಆರೋಪಿ ನೀವು,” ಎಂದ. “ಅದಿರ್ಲಿ. ಏಟು ತಿಂದವರು ಬದುಕಿದಾರಲ್ಲ, ಅವರು ಬಟ್ಟೆ ಗುರ್ತು ಹಿಡೀಲಿ ಮೊದ್ಲು. ನಡೀರಿ.”

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಬಟ್ಟೆ ಹಿಡಿದ ಪೇದೆ, ಹಿಂದೆ ಬನಿಯನ್ನಿನ ಮೇಲೆ ಒಂದು ಅಂಗಿ ಸಿಕ್ಕಿಸಿಕೊಂಡ ಸೀಲಪ್ಪನವರು, ಅವರ ಹೆಂಡತಿ, ಆರೋಪಿ ಓಡಿಹೋಗದಂತೆ ಒಂದೇ ಹೆಜ್ಜೆ ಹಿಂದೆ ಜೈಲರು, ಅದರ ಹಿಂದೆ ಬೀದಿ. ಸೀಲಪ್ಪನವರು ಓಡಿಹೋಗುವವರಾಗಿರಲಿಲ್ಲ. ನಡೆಯುವುದೇ ಅವರಿಗೆ ಕಷ್ಟವಾಗುತ್ತಿತ್ತು.

ಟೈಲರನ ಮನೆ ಎಂದರೆ ಒಂದೂವರೆ ಕೋಣೆ. ಮುಂದಿನ ಕೋಣೆಯಲ್ಲಿ ಮೊದಲು ಹೊಲಿಗೆ ಮಿಷನ್ನಿದ್ದ ಜಾಗಕ್ಕೆ ಈಗ ಮಂಚ ಬಂದಿತ್ತು, ಮಿಷನ್ನು ಹಳೆಯ ದುಪ್ಪಟಿ ಹೊದ್ದು ಮೂಲೆಗೆ ಹೋಗಿತ್ತು. ಮೊಳೆಗೆ ಅಳತೆಯ ಟೇಪು, ಪಕ್ಕದ ಹಗ್ಗಕ್ಕೆ ಅರ್ಧ ಹೊಲಿದ ಎರಡು ಅಂಗಿ, ಒಂದಕ್ಕೆ ತೋಳಿರಲಿಲ್ಲ. ಟೈಲರು ಗೋಡೆಗೆ ಒರಗಿ, ಬಲಗಾಲನ್ನು ಎರಡು ದಿಂಬಿನ ಮೇಲೆ ಚಾಚಿ, ಕಿಟಕಿಯಿಂದ ರಸ್ತೆ ನೋಡುತ್ತಿದ್ದ. ತೊಡೆಯೊಳಗೆ ಕಬ್ಬಿಣದ ಸರಳು ಹಾಕಿದ್ದರು. ಇನ್ನು ಮುಂದೆ ಮಿಷನ್ನು ತುಳಿಯಲು ಆಗುವುದಿಲ್ಲ ಎಂದು ಡಾಕ್ಟರು ಹೇಳಿ ಹತ್ತು ದಿನವಾಗಿತ್ತು. ಅವನ ಹೆಂಡತಿ ನೆಲದ ಮೇಲೆ ಕೂತು ಯಾರದೋ ಪ್ಯಾಂಟಿಗೆ ಕೈಯಲ್ಲಿ ಅಂಚು ಹಾಕುತ್ತಿದ್ದಳು.

ಕೋಣೆ ತುಂಬಿತು. ಉಳಿದವರು ಕಿಟಕಿಗೆ ನಿಂತರು. ಪೇದೆ ಬಾಯಿ ತೆರೆಯುವ ಮೊದಲೇ ಸೀಲಪ್ಪನವರು ಮುಂದೆ ಹೋದರು.

“ನಿಮಗೆ ಹೊಡೆದ ಗಾಡಿ ನಂದು,” ಎಂದರು. “ನಾನೇ ಓಡಿಸ್ತಿದ್ದೆ. ಏನೋ ದಡ್ ಅಂತು, ನಿಲ್ಲಿಸಿ ನೋಡ್ಲಿಲ್ಲ. ಮನೆಗೆ ಹೋಗಿ ಮಲ್ಗಿದೆ. ತಪ್ಪಾಯ್ತು.”

ಹೆಂಗಸಿನ ಕೈಯಲ್ಲಿ ಸೂಜಿ ನಿಂತಿತು. ಹೊರಗೆ ಒಂದು ಗಾಡಿ ಹೋಯಿತು. ಅಭ್ಯಾಸದಿಂದ ಟೈಲರನ ಕಣ್ಣು ಅದರ ಹಿಂದೆ ಹೋಗಿ, ನೆನಪಾಗಿ, ವಾಪಸು ಬಂತು.

“ಕೂತ್ಕೊಳ್ಳಿ,” ಎಂದ.

ಕೂರಲು ಜಾಗವಿರಲಿಲ್ಲ. ಸೀಲಪ್ಪನವರು ಮಂಚದ ಅಂಚಿಗೆ ಕೂತರು.

“ಈ ಕಿಟಕೀಲಿ ಹೋಗೋ ಒಂದೊಂದು ದೊಡ್ಡ ಗಾಡೀನೂ ನೋಡ್ತಿದ್ದೆ,” ಎಂದ ಟೈಲರು. “ಇದಾ, ಇದಾ ಅಂತ. ಬಂದವನಿಗೆ ಏನೇನು ಬಯ್ಯಬೇಕು ಅಂತ ಸಾಲಾಗಿ ಜೋಡಿಸಿ ಇಟ್ಕೊಂಡಿದ್ದೆ. ರಾತ್ರಿ ಎಲ್ಲಾ ಒಂದೊಂದೇ ತೆಗೆದು ನೋಡಿ ಮತ್ತೆ ಇಡ್ತಿದ್ದೆ. ಈಗ ಒಂದೂ ಬರ್ತಿಲ್ಲ ನೋಡಿ.” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ಹೋಗ್ಲಿ ಬಿಡಿ. ಬಂದ್ರಲ್ಲ.”

“ನೀವು ಬಿಡ್ಬಹುದು,” ಎಂದಳು ಅವನ ಹೆಂಡತಿ ತಲೆ ಎತ್ತದೆ. “ನಾನು ಬಿಡಲ್ಲ.”

ಟೀಚರಮ್ಮ ಮೂಗು ಒರೆಸಿಕೊಂಡರು. ಜೈಲರು ಕೂಡ ಗೋಡೆಯ ಕಡೆ ನೋಡಿದರು. ವಿಮೆಯವನೊಬ್ಬ ಸಹಜವಾಗಿದ್ದ. ಎಲ್ಲ ಇಷ್ಟಕ್ಕೇ ನಿಂತಿದ್ದರೆ ಸೀಲಪ್ಪನವರು ಜೈಲಿಗೆ ಹೋಗುತ್ತಿದ್ದರು. ಅದಕ್ಕೆ ತಕ್ಕ ಮುಖವನ್ನೂ ಅವರು ಮಾಡಿಕೊಂಡಾಗಿತ್ತು. ಆದರೆ ಪೇದೆಗೆ ಕಾಗದದಲ್ಲಿ ಒಂದು ಕಾಲಂ ತುಂಬುವುದಿತ್ತು.

“ಈ ಬಟ್ಟೆ ನಿಮ್ಮದು ಅಂತ ಗುರ್ತು ಹೇಳಿ. ಒಂದು ಸಹಿ ಹಾಕಿ. ಮುಗೀತು.”

ಟೈಲರು ಕನ್ನಡಕ ಹಾಕಿಕೊಂಡು ಬಟ್ಟೆಯನ್ನು ಬೆಳಕಿಗೆ ಹಿಡಿದ. ಮೊದಲು ಹೆಬ್ಬೆರಳಲ್ಲಿ ಅಂಚು ಸವರಿದ. ಆಮೇಲೆ ಉಗುರಿನಿಂದ ಗ್ರೀಸು ಕೆರೆದು ಹೊಲಿಗೆ ನೋಡಿದ. ಆಮೇಲೆ ಮೂಸಿದ. ಆ ಹೊತ್ತು ಅವನ ಕಾಲು, ನೋವು, ಗುಂಪು ಯಾವುದೂ ಅವನಿಗೆ ನೆನಪಿದ್ದಂತೆ ಕಾಣಲಿಲ್ಲ.

“ಇದು ರಕ್ತ ಅಲ್ಲ,” ಎಂದ. “ಎಣ್ಣೆ. ಯಾವ ಎಣ್ಣೆ ಗೊತ್ತಿಲ್ಲ, ಆದ್ರೆ ಎಣ್ಣೆ. ನಲವತ್ತು ವರ್ಷ ಮಿಷನ್ನಿಗೆ ಎಣ್ಣೆ ಬಿಟ್ಟ ಕೈ ಇದು.”

“ಬಟ್ಟೆ?” ಎಂದ ಪೇದೆ.

“ಬಟ್ಟೆ ನಂದಲ್ಲ. ಹೊಲಿಗೆ ನಂದು.” ಅಂಚನ್ನು ತಿರುವಿ ತೋರಿಸಿದ. “ಎರಡು ಸಲ ಮಡಚಿ ಎರಡು ಸಾಲು ಓಡ್ಸಿದೀನಿ. ಈಗ ಹೀಗೆ ಯಾರೂ ಹೊಲಿಯಲ್ಲ. ಮತ್ತೆ ನೋಡಿ, ಅಂಚು ಈ ಕಡೆ ಓರೆಯಾಗಿ ಇಳಿದಿದೆ. ಒಂದು ಭುಜ ಇಳಿದಿರೋರಿಗೆ ನಾನು ಹೀಗೆ ಬಿಡೋದು, ಇಲ್ದಿದ್ರೆ ಅಂಗಿ ಸೊಟ್ಟ ಕಾಣುತ್ತೆ.” ಕನ್ನಡಕದ ಮೇಲಿಂದ ಸೀಲಪ್ಪನವರ ಹೆಂಡತಿಯನ್ನು ನೋಡಿದ. “ನೀವೇ ಬಟ್ಟೆ ತಂದುಕೊಟ್ಟಿದ್ರಿ, ಅಮ್ಮ. ನೀಲಿ ಚೌಕಳಿ. ನಿಮ್ಮ ತಮ್ಮನ ಅಂಗಿ ಇದು.”

ಆಕೆ ಬಟ್ಟೆಯನ್ನು ತೆಗೆದುಕೊಂಡು ಉಗುಳು ಹಚ್ಚಿ ಒಂದು ಮೂಲೆ ಉಜ್ಜಿದರು. ಉಜ್ಜಿದ ಕಡೆ ನೀಲಿ ಕಂಡಿತು.

“ಮತ್ತೆ ನಿಮಗೆ ಏಟಾದ ದಿನ?” ಎಂದ ಪೇದೆ. ಅವನಿಗೂ ಈಗ ಕಾಗದ ಕೈಯಲ್ಲಿ ಭಾರವಾಗತೊಡಗಿತ್ತು.

“ಹದಿನಾಲ್ಕನೇ ತಾರೀಕು. ಸಂಜೆ ಆರೂಮುಕ್ಕಾಲು.” ತನ್ನ ಹುಟ್ಟಿದ ದಿನವನ್ನೂ ಅವನು ಅಷ್ಟು ಖಚಿತವಾಗಿ ಹೇಳುತ್ತಿರಲಿಲ್ಲವೇನೋ.

“ಹದಿನಾಲ್ಕಾ?” ಎಂದರು ಸೀಲಪ್ಪನವರ ಹೆಂಡತಿ. “ಹದಿಮೂರಕ್ಕೆ ನಾವು ಅಮ್ಮನ್ನ ಕರ್ಕೊಂಡು ಬರೋಕೆ ಹೋಗಿದ್ವಿ. ಗಾಡಿ ಹದಿನಾರರ ತನಕ ಅಮ್ಮನ ಮನೆ ಮುಂದೇನೇ ನಿಂತಿತ್ತು.”

ಇದನ್ನು ಬೆಳಿಗ್ಗೆಯೇ ಯಾರಾದರೂ ಕೇಳಬಹುದಿತ್ತು. ಆದರೆ ಬೆಳಿಗ್ಗೆ ಎಲ್ಲರೂ ಆರು ವಾರ ಎಂದಿದ್ದರು. ಆರು ವಾರ ಎನ್ನುವುದು ತಾರೀಕಲ್ಲ, ಅಭಿಪ್ರಾಯ. ಟ್ಯಾಂಕಿನ ಹತ್ತಿರ ದಡ್ ಎಂದದ್ದು ಊರಿಂದ ವಾಪಸು ಬಂದ ಮೇಲಿನ ಮಾತು. ದಡ್ ಎಂದದ್ದು ಉಬ್ಬೇ.

ಪೇದೆ ಎರಡು ಹಾಳೆಯನ್ನೂ ಚೀಲಕ್ಕೆ ತುರುಕಿ, ಯಾರಿಗೂ ಹೇಳದೆ ಹೊರಟುಹೋದ. ಕಿಟಕಿ ಖಾಲಿಯಾಯಿತು. “ಅವರಲ್ಲ ಅಂತ ನನಗೆ ಮೊದ್ಲೇ ಅನ್ನಿಸ್ತಿತ್ತು,” ಎಂದು ಟೀಚರಮ್ಮ ಹೇಳುತ್ತ ಹೋದದ್ದು ಗಲ್ಲಿಯ ಕೊನೆಯವರೆಗೆ ಕೇಳಿಸಿತು. ಜೈಲರು ಸೀಲಪ್ಪನವರ ಬೆನ್ನು ತಟ್ಟಿದರು. ಬಿಡುಗಡೆಯಾದವರ ಬೆನ್ನನ್ನು ಅವರು ಹಾಗೆ ತಟ್ಟಿ ರೂಢಿಯಿತ್ತು, ಅದರಲ್ಲಿ ನಂಬಿಕೆ ಏನೂ ಇರಲಿಲ್ಲ. ಟೈಲರು ಮಾತ್ರ ಕನ್ನಡಕ ತೆಗೆದು ಮಡಚಿಟ್ಟು ಮತ್ತೆ ಕಿಟಕಿಯ ಕಡೆ ತಿರುಗಿದ. ಅವನಿಗೆ ಏನಾದರೂ ಹೇಳಬೇಕು ಎಂದು ಸೀಲಪ್ಪನವರು ನಿಂತರು. ಅಷ್ಟರಲ್ಲಿ ಅವರ ಹೆಂಡತಿ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಬಿರುಸಾಗಿ ನಡೆದುಬಿಟ್ಟಿದ್ದರು. ಅವರೂ ಹಿಂದೆಯೇ ಹೋದರು.

ಆಕೆ ಮನೆಗೆ ಹೋಗಲಿಲ್ಲ, ನೇರ ಮೆಕ್ಯಾನಿಕ್ಕಿನ ಮನೆಗೆ ಹೋದರು. ಏನು ಹೇಳಿದರೋ, ಬುಧವಾರದವನು ಊಟಕ್ಕೆ ಕೂತಿದ್ದವನು ಕೈ ತೊಳೆದುಕೊಂಡು ಬಂದ. ಅದೇ ರಟ್ಟಿನ ಮೇಲೆ ಮಲಗಿ ಒಂದೇ ಜಾರಿಗೆ ಒಳಗೆ ಹೋದ. ಐದು ನಿಮಿಷವಾದ ಮೇಲೆ ಹೊರಗೆ ಬಂದು ಕೈ ಒರೆಸಿಕೊಂಡ.

“ಇದರಲ್ಲಿ ಶಾಫ್ಟು ಎರಡು ತುಂಡು. ನಡುವೆ ಅದನ್ನ ಹಿಡ್ಕೊಳ್ಳೋಕೆ ಒಂದು ಬೇರಿಂಗು, ಅದರ ಸುತ್ತ ರಬ್ಬರು. ಆ ರಬ್ಬರು ಯಾವತ್ತೋ ಹರಿದು ಹೋಗಿದೆ. ಸದ್ದು ಬರಬಾರದು ಅಂತ ಯಾರೋ ಆ ಜಾಗಕ್ಕೆ ಬಟ್ಟೆ ತುರುಕಿ, ತಂತಿ ಬಿಗಿದಿದಾರೆ. ಗೇರ್‌ಬಾಕ್ಸಿಂದ ಎಣ್ಣೆ ಸೋರಿ ಬಟ್ಟೆ ನೆನೆದಿದೆ. ಈ ಗಾಡೀಲಿ ಗೇರ್ ಎಣ್ಣೆಯೇ ಕೆಂಪು. ಬಟ್ಟೆ ಸವೆದ ಮೇಲೆ ಶಾಫ್ಟು ಕುಣಿದು ಕುಣಿದು ಎರಡು ಬೋಲ್ಟಲ್ಲಿ ಒಂದು ಬಿದ್ದೇ ಹೋಗಿದೆ. ಇನ್ನೊಂದು ನನ್ನ ಬೆರಳಲ್ಲಿ ತಿರುಗ್ತು.” ಅವನು ಸೀಲಪ್ಪನವರನ್ನು ನೋಡಿದ. “ನಾಳೆ ಬೆಟ್ಟ ಹತ್ತೋರಿದ್ರಂತೆ?”

“ಹೂಂ. ಮೂರು ಜನ.”

“ಮೂರನೇ ತಿರುವು ದಾಟ್ತಿರ್ಲಿಲ್ಲ,” ಎಂದ ಮೆಕ್ಯಾನಿಕ್ಕು. “ಶಾಫ್ಟು ಕೆಳಗೆ ಬಿದ್ದು ನೆಲಕ್ಕೆ ಚುಚ್ಕೊಂಡ್ರೆ ಗಾಡಿ ನಿಲ್ಲಲ್ಲ, ಪಲ್ಟಿ ಹೊಡೆಯುತ್ತೆ. ಯಾರು ಕೆಳಗೆ ನೋಡಿದ್ದು?”

“ನಾನು,” ಎಂದರು ಸೀಲಪ್ಪನವರು.

“ಏನು ಗೊತ್ತಾಗಿ ನೋಡಿದ್ರಿ?”

“ಏನೂ ಗೊತ್ತಿರಲಿಲ್ಲ,” ಎಂದರು ಸೀಲಪ್ಪನವರು. ಬಹುಶಃ ಆ ಬೀದಿಯಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಭಾವಮೈದುನ ಬಂದದ್ದು ಮೂರು ಗಂಟೆಗೆ. ಬಿಚ್ಚಿ ತೆಗೆದ ಶಾಫ್ಟು ಅಂಗಳದಲ್ಲಿ ಉದ್ದಕ್ಕೆ ಮಲಗಿತ್ತು. ಅವನು ಅದನ್ನು ದಾಟಲಾರದೆ ಗೇಟಿನಲ್ಲೇ ನಿಂತ. ಮಾತು ಜೋಡಿಸಿಕೊಂಡು ಬಂದಿದ್ದನೆಂದು ಕಾಣುತ್ತದೆ, ಬಂದ ಕೂಡಲೆ ಶುರುಮಾಡಿದ. “ಅಕ್ಕಾ, ಸದ್ದು ಕೇಳಿದ್ರೆ ಯಾರೂ ತಗೊಳ್ತಿರ್ಲಿಲ್ಲ. ಭಾವ ಊರೊಳಗೆ ಆಫೀಸಿಗೆ ಹೋಗಿ ಬರ್ತಾರೆ ಅಷ್ಟೇ ಅಂದ್ಕೊಂಡೆ. ಹೇಳೋಣ ಹೇಳೋಣ ಅಂತ ಇದ್ದೆ.”

“ಉಳಿದ ಅಂಗಿ ಎಲ್ಲಿ?” ಎಂದರು ಅಕ್ಕ.

“ಯಾವ ಅಂಗಿ?”

“ನಾನು ಹೊಲಿಸಿಕೊಟ್ಟದ್ದು.”

ಅವನಿಗೆ ಅದು ಯಾವ ಅಂಗಿ ಎಂದೇ ಗೊತ್ತಿರಲಿಲ್ಲ. ಕೈಗೆ ಸಿಕ್ಕ ಹಳೆಯದೊಂದನ್ನು ಹರಿದಿದ್ದ, ಅಷ್ಟೆ. ಅವನ ಮುಖ ನೋಡಿ ಅಕ್ಕನಿಗೆ ಅದು ಅರ್ಥವಾಯಿತು. ಅವರು ಮತ್ತೇನೂ ಕೇಳದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಜಗಲಿಯಿಂದ ಅತ್ತೆಯವರು ಕರೆದರು. “ಬಾರೋ ಇಲ್ಲಿ. ಹತ್ರ ಬಾ.” ಮಗ ಹೋಗಿ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಮುದುಕಿ ಅವನ ಮುಖದ ಮೇಲೆ ಕೈಯಾಡಿಸಿದರು. “ನಾಳೆ ಹಿಂದಿನ ಸೀಟಲ್ಲಿ ನಾನು ಕೂರೋಳಿದ್ದೆ ಕಣೋ.”

“ಗೊತ್ತಿರಲಿಲ್ಲಮ್ಮ.”

“ನನಗೂ ಗೊತ್ತಿರಲಿಲ್ಲ,” ಎಂದರು ಅವರು. ಆಮೇಲೆ ಅಳಿಯನ ಕಡೆ ಮುಖ ತಿರುಗಿಸಿ, “ಆಸ್ಪತ್ರೆಗೆ ಫೋನ್ ಮಾಡಿ ಬೇಡ ಅಂದ್ಬಿಡಿ, ಅಳಿಯಂದ್ರೇ. ನನಗೆ ಕಾಣಬೇಕಾದ್ದೆಲ್ಲ ಕಂಡಾಯ್ತು,” ಎಂದರು.

ಸಂಜೆಗೆ ಮುಂಚೆ ಸೀಲಪ್ಪನವರು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಪಕ್ಕದ ಗಲ್ಲಿಗೆ ಹೋದರು. ಏಕೆ ಹೊರಟರೆಂದು ಯಾರೂ ಕೇಳಲಿಲ್ಲ. ಟೈಲರನ ಹೆಂಡತಿ ಬಾಗಿಲಲ್ಲಿ ಅವರನ್ನು ನೋಡಿ, ಒಳಗೆ ಬನ್ನಿ ಎನ್ನದೆ, ಬೇಡ ಎನ್ನದೆ ಪಕ್ಕಕ್ಕೆ ಸರಿದಳು.

“ನೀವು ಆ ಅಂಗಿ ಗುರ್ತು ಹಿಡೀದೆ ಇದ್ದಿದ್ರೆ,” ಎಂದು ಸೀಲಪ್ಪನವರು ಶುರುಮಾಡಿದರು, “ನಾನು ಒಳಗೆ ಹೋಗ್ತಿದ್ದೆ. ಇಲ್ಲಾಂದ್ರೆ ನಾಳೆ ಬೆಟ್ಟದಲ್ಲಿ ಮೂರೂ ಜನ...”

“ಹೂಂ. ಇಸ್ತ್ರಿಯವನು ಹೇಳ್ದ.”

“ನನ್ನಿಂದ ತಪ್ಪಾಗ್ಲಿಲ್ಲ ಅಂತ ನಿಮಗೂ ಸಮಾಧಾನ ಆಗಿರ್ಬೇಕು.”

ಟೈಲರು ಅವರ ಕಡೆ ತಿರುಗಿದ. “ಸಮಾಧಾನ ಬೆಳಿಗ್ಗೆ ಆಗಿತ್ತು,” ಎಂದ. “ನೀವು ಬಂದು ತಪ್ಪಾಯ್ತು ಅಂದಾಗ. ಈ ಆರು ವಾರದಲ್ಲಿ ನನ್ನ ಹತ್ರ ಬಂದು ಆ ಮಾತು ಅಂದವರು ನೀವೊಬ್ರೇ. ನೀವೋ ಮಾಡ್ದೆ ಇದ್ದವರು. ಮಾಡಿದವನು ಇನ್ನು ಬರೋದಿಲ್ಲ.”

ಸೀಲಪ್ಪನವರು ತಮ್ಮ ಕೈ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಉಳಿದಿತ್ತು.

“ಬೆಳಿಗ್ಗೆ ನಾನು ಸುಮ್ನೆ ಅಂದಿದ್ದಲ್ಲ,” ಎಂದ ಟೈಲರು. “ನಿಜವಾಗ್ಲೂ ಕ್ಷಮಿಸಿಬಿಟ್ಟಿದ್ದೆ ನಿಮ್ಮನ್ನ. ಈಗ ಅದನ್ನ ಏನು ಮಾಡ್ಲಿ ಹೇಳಿ?”

ಎಲ್ಲದಕ್ಕೂ ಒಂದು ಉತ್ತರವಿದ್ದ ಮನುಷ್ಯ ಸೀಲಪ್ಪನವರು. ಈ ಪ್ರಶ್ನೆಗೆ ಅವರು ಉಗುರಿನ ಕೆಂಪನ್ನು ಒಗೆದ ಅಂಗಿಯ ಅಂಚಿಗೆ ಉಜ್ಜತೊಡಗಿದರು.

“ವಾಪಸ್ ತಗೊಳ್ಳೋಕೆ ಬರಲ್ಲ,” ಎಂದ ಟೈಲರು. “ನಿಮ್ಮ ಅಳತೆಗೆ ಹೊಲಿದಾಯ್ತು. ನಿಮ್ಮ ಹತ್ರಾನೇ ಇಟ್ಕೊಳ್ಳಿ. ಗಾಡಿ ಓಡಿಸೋರು ನೀವು, ಯಾವತ್ತಾದ್ರೂ ಬೇಕಾಗುತ್ತೆ.”

ಅವನು ಮತ್ತೆ ರಸ್ತೆಯ ಕಡೆ ತಿರುಗಿದ. ಸೀಲಪ್ಪನವರು ಎದ್ದು ಚಪ್ಪಲಿ ಮೆಟ್ಟಿಕೊಂಡು, ಟ್ಯಾಂಕಿನ ತಿರುವಿನಲ್ಲಿ ಎರಡೂ ಕಡೆ ನೋಡಿ, ರಸ್ತೆಯ ತೀರಾ ಅಂಚಿನಲ್ಲಿ ಮನೆಗೆ ನಡೆದರು.